ಡಿಶ್ ಇಳಿಸುವ ಮುನ್ನ: ಕನ್ನಡದ ಒಂದು ಮನೆ ಡಿಟಿಎಚ್‌ನಿಂದ ಒಟಿಟಿಗೆ ಬಂದ ಬಗೆ

ಡಿಟಿಎಚ್ (ಮಾಡಿನ ಮೇಲಿನ ಡಿಶ್‌ನಿಂದ ಬರುವ ಟಿವಿ) ಬಿಟ್ಟು ಒಟಿಟಿಗೆ (ಇಂಟರ್ನೆಟ್ ಮೂಲಕ ನೋಡುವ ಆ್ಯಪ್‌ಗಳಿಗೆ) ಬರಬೇಕು ಅಂದುಕೊಂಡವರೆಲ್ಲ ಮೊದಲು ಕೇಳುವುದು ‘ಯಾವ ಆ್ಯಪ್ ಒಳ್ಳೇದು?’ ಎಂದು. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಹಳ್ಳಿಮನೆಯಲ್ಲಿ ಈ ಕೆಲಸ ಕೈಗೆತ್ತಿಕೊಂಡಾಗ ನಾವು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆವು. ಮೊದಲು ಮಾಡಿದ್ದು ಟಿವಿ ಪಕ್ಕ ಒಂದು ಹಾಳೆ, ಒಂದು ಪೆನ್ನು ಇಟ್ಟಿದ್ದು. ಒಂದು ವಾರ ಯಾರು ಯಾವ ಚಾನೆಲ್ ಹಾಕಿದರೂ ಅದರ ಹೆಸರು ಮತ್ತು ಹೊತ್ತು ಬರೆಯಬೇಕು, ಅಷ್ಟೇ. ಇನ್ನೂರಕ್ಕೂ ಹೆಚ್ಚು ಚಾನೆಲ್ ಬರುತ್ತಿದ್ದ ಮನೆಯಲ್ಲಿ ಹಾಳೆ ಮೇಲೆ ಉಳಿದವು ಎಂಟೋ ಒಂಬತ್ತೋ ಹೆಸರು. ಸಂಜೆ ಆರೂವರೆಯಿಂದ ಹತ್ತರವರೆಗೆ ಜೀ ಕನ್ನಡ ಮತ್ತು ಕಲರ್ಸ್ ಕನ್ನಡದ ಧಾರಾವಾಹಿಗಳು, ಮಧ್ಯಾಹ್ನ ಉದಯ ಮೂವೀಸ್‌ನಲ್ಲಿ ಹಳೆಯ ಚಿತ್ರ, ಬೆಳಿಗ್ಗೆ ಮತ್ತು ರಾತ್ರಿ ಸುದ್ದಿ, ನಡುವೆ ಚಂದನ, ಮ್ಯಾಚ್ ಇದ್ದ ದಿನ ಕ್ರಿಕೆಟ್. ಇದನ್ನು ಬರೆದಿಟ್ಟುಕೊಳ್ಳದೆ ಆ್ಯಪ್ ಹೋಲಿಸಲು ಕೂತರೆ, ಇಂಗ್ಲಿಷ್ ಸೀರೀಸ್ ಎಷ್ಟಿವೆ ಎಂಬುದನ್ನೇ ಲೆಕ್ಕ ಹಾಕಿ ತೀರ್ಮಾನಕ್ಕೆ ಬರುತ್ತೇವೆ. ಮನೆಯಲ್ಲಿ ಅದನ್ನು ನೋಡುವವರೇ ಇರುವುದಿಲ್ಲ.

ಎರಡನೆಯ ಹೆಜ್ಜೆ, ಹಾಳೆಯಲ್ಲಿದ್ದ ಪ್ರತಿ ಚಾನೆಲ್ಲಿನ ಎದುರು ಅದರ ಮಾಲೀಕರ ಆ್ಯಪ್ ಬರೆಯುವುದು. ಕನ್ನಡದ ಮುಖ್ಯ ಮನರಂಜನೆ ಚಾನೆಲ್ಲುಗಳು ಮೂರು ಕಂಪನಿಗಳಿಗೆ ಸೇರಿದವು. ಜೀ ಕನ್ನಡದ್ದು ಜೀ5. ಉದಯ ಟಿವಿ, ಉದಯ ಮೂವೀಸ್, ಉದಯ ಕಾಮಿಡಿ, ಮಕ್ಕಳ ಚಿಂಟು ಟಿವಿ ಇವೆಲ್ಲ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಮೊದಲು ಬೇರೆ ಬೇರೆ ಆ್ಯಪ್‌ನಲ್ಲಿದ್ದವು. ಕಲರ್ಸ್‌ನ ಕಾರ್ಯಕ್ರಮಗಳು ವೂಟ್‌ನಿಂದ ಜಿಯೋಸಿನಿಮಾಗೆ ಹೋಗಿದ್ದವು, ಸುವರ್ಣದವು ಹಾಟ್‌ಸ್ಟಾರ್‌ನಲ್ಲಿದ್ದವು. 2025ರ ಫೆಬ್ರುವರಿ 14ರಂದು ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆದ ಮೇಲೆ ಬಿಗ್ ಬಾಸ್ ಕನ್ನಡವೂ ಸುವರ್ಣದ ಧಾರಾವಾಹಿಯೂ ಐಪಿಎಲ್ಲೂ ಒಂದೇ ಚಂದಾದಲ್ಲಿ ಸಿಗುತ್ತಿವೆ. ಕನ್ನಡದ ಮನೆಗಳ ಮಟ್ಟಿಗೆ ಇತ್ತೀಚಿನ ವರ್ಷಗಳಲ್ಲಿ ಆದ ದೊಡ್ಡ ಅನುಕೂಲ ಇದೇ.

ಟಿವಿ9 ಕನ್ನಡ, ಪಬ್ಲಿಕ್ ಟಿವಿ, ಸುವರ್ಣ ನ್ಯೂಸ್ ಮುಂತಾದ ಸುದ್ದಿವಾಹಿನಿಗಳಿಗೆ ದುಡ್ಡು ಕೊಡಬೇಕಾಗಿಲ್ಲ. ಎಲ್ಲವೂ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಇವೆ. ಡಿಡಿ ಚಂದನದ ಕಾರ್ಯಕ್ರಮಗಳೂ ಯೂಟ್ಯೂಬ್‌ನಲ್ಲಿವೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ವೇವ್ಸ್ ಆ್ಯಪ್ ಇನ್ನೊಂದು ದಾರಿ.

ನೆಟ್‌ಫ್ಲಿಕ್ಸ್ ಮತ್ತು ಪ್ರೈಮ್ ಈ ಪಟ್ಟಿಯಲ್ಲಿ ಬರಲೇ ಇಲ್ಲ, ಏಕೆಂದರೆ ಅವು ಯಾವ ಕನ್ನಡ ಚಾನೆಲ್ಲಿಗೂ ಬದಲಿ ಅಲ್ಲ. ಅವುಗಳಲ್ಲಿ ಕನ್ನಡ ಸಿನಿಮಾ ಸಿಗುತ್ತವೆ, ದಿನದ ಧಾರಾವಾಹಿ ಸಿಗುವುದಿಲ್ಲ. ಪ್ರೈಮ್ ವರ್ಷಕ್ಕೆ 1,499 ರೂಪಾಯಿ, 2025ರ ಜೂನ್ 17ರಿಂದ ಅದರಲ್ಲೂ ಜಾಹೀರಾತು ಬರುತ್ತದೆ, ಬೇಡವೆಂದರೆ ವರ್ಷಕ್ಕೆ ಇನ್ನೂ 699. ಸಾಮಾನು ತರಿಸಿಕೊಳ್ಳಲು ಹೇಗೂ ಪ್ರೈಮ್ ತೆಗೆದುಕೊಂಡಿದ್ದರೆ ಸರಿ, ಡಿಶ್‌ಗೆ ಬದಲಿಯಾಗಿ ಅಂತ ಹೊಸದಾಗಿ ತೆಗೆದುಕೊಳ್ಳಬೇಕಿಲ್ಲ.

ಸಿನಿಮಾ ವಿಷಯದಲ್ಲಿ ಒಂದು ಎಚ್ಚರಿಕೆ. ಚಾನೆಲ್ಲಿಗೆ ಮಾರುವ ಹಕ್ಕು ಬೇರೆ, ಡಿಜಿಟಲ್ ಹಕ್ಕು ಬೇರೆ. ಹಬ್ಬದ ದಿನ ಒಂದು ಚಾನೆಲ್‌ನಲ್ಲಿ ಬಂದ ಚಿತ್ರ ಅದೇ ಕಂಪನಿಯ ಆ್ಯಪ್‌ನಲ್ಲಿ ಇರಲೇಬೇಕೆಂದಿಲ್ಲ. ಡಿಜಿಟಲ್ ಹಕ್ಕು ಬೇರೆಯವರ ಪಾಲಾಗಿದ್ದರೆ ಆ್ಯಪ್‌ನಲ್ಲಿ ನೇರಪ್ರಸಾರ ನಡೆಯುತ್ತಿದ್ದರೂ ಆ ಮೂರು ಗಂಟೆ ಮಾತ್ರ ಬೇರೇನೋ ಬರಬಹುದು. ಬೇಕಾದ ಹತ್ತು ಚಿತ್ರಗಳ ಹೆಸರನ್ನು ಚಂದಾ ಕಟ್ಟುವ ಮೊದಲೇ ಆ್ಯಪ್‌ನಲ್ಲಿ ಹುಡುಕಿ ನೋಡಿ. ಹುಡುಕಾಟಕ್ಕೆ ದುಡ್ಡು ಕೇಳುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಡಿಟಿಎಚ್ ಬಿಲ್ಲಿನಲ್ಲಿ ಎರಡು ಭಾಗ ಇರುತ್ತವೆ. ಒಂದು ನೆಟ್‌ವರ್ಕ್ ಕೆಪಾಸಿಟಿ ಫೀ, ಅಂದರೆ ಸಿಗ್ನಲ್ ಮನೆಗೆ ತಲುಪಿಸುವ ಬಾಡಿಗೆ. ಇನ್ನೊಂದು ಚಾನೆಲ್ಲುಗಳ ಬೆಲೆ. 2019ರ ಫೆಬ್ರುವರಿ 1ರಿಂದ ಜಾರಿಗೆ ಬಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಈ ಬಾಡಿಗೆಗೆ 130 ರೂಪಾಯಿಯ ಮಿತಿ ಇತ್ತು, ಶೇ 18 ಜಿಎಸ್‌ಟಿ ಸೇರಿದರೆ 153.40. 2024ರ ಜುಲೈನಲ್ಲಿ ಟ್ರಾಯ್ ಆ ಮಿತಿ ತೆಗೆದುಹಾಕಿತು. ಈಗ ಕಂಪನಿ ಹೇಳಿದಷ್ಟು. ಬಿಲ್ಲಿನ ಸುಮಾರು ಅರ್ಧ ಬಾಡಿಗೆಯೇ ಆಗಿರುವುದರಿಂದ, ನಾಲ್ಕು ಚಾನೆಲ್ ಕಡಿಮೆ ಮಾಡಿದರೂ ಬಿಲ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಕನ್ನಡ ಎಚ್‌ಡಿ ಪ್ಯಾಕ್, ಕ್ರಿಕೆಟ್ ಸೇರಿ ಈ ಮನೆಯ ಬಿಲ್ ತಿಂಗಳಿಗೆ 350 ರೂಪಾಯಿಯ ಆಸುಪಾಸು ಇತ್ತು.

ಆ್ಯಪ್ ಕಡೆಗೆ ಬಂದರೆ, ಜಿಯೋಹಾಟ್‌ಸ್ಟಾರ್ ಶುರುವಾದಾಗ ಮೂರು ದರ ಇಟ್ಟಿತ್ತು: ಮೊಬೈಲ್ ವರ್ಷಕ್ಕೆ 499, ಸೂಪರ್ 899, ಪ್ರೀಮಿಯಂ 1,499. ದರ ಬದಲಾಗುತ್ತಲೇ ಇರುತ್ತದೆ, ಆದರೆ ಈ ಮೂರರ ನಡುವಿನ ವ್ಯತ್ಯಾಸ ತಿಳಿದಿರಲೇಬೇಕು. ಮೊಬೈಲ್ ಪ್ಲಾನ್ ಟಿವಿಯಲ್ಲಿ ಓಡುವುದೇ ಇಲ್ಲ. ಸೂಪರ್‌ನಲ್ಲಿ ಏಕಕಾಲಕ್ಕೆ ಎರಡು ಪರದೆ, 1080ಪಿ (ಫುಲ್ ಎಚ್‌ಡಿ) ಗುಣಮಟ್ಟ, ಜಾಹೀರಾತು ಇರುತ್ತದೆ. ಪ್ರೀಮಿಯಂನಲ್ಲಿ ನಾಲ್ಕು ಪರದೆ, 4ಕೆ. ಜಾಹೀರಾತು ಇಲ್ಲ, ಆದರೆ ನೇರಪ್ರಸಾರಗಳಲ್ಲಿ ಅದು ಇದ್ದೇ ಇರುತ್ತದೆ. ಒಂದು ಟಿವಿ, ಒಂದೆರಡು ಫೋನ್ ಇರುವ ಮನೆಗೆ ಸೂಪರ್ ಧಾರಾಳ ಸಾಕು. ಸಿಮ್ ರೀಚಾರ್ಜ್ ಜತೆ ‘ಉಚಿತ’ವಾಗಿ ಬರುವ ಚಂದಾ ಎಷ್ಟೋ ಸಲ ಮೊಬೈಲ್‌ಗೆ ಮಾತ್ರ ಸೀಮಿತ ಆಗಿರುತ್ತದೆ, ಅದನ್ನು ನಂಬಿ ಡಿಶ್ ರೀಚಾರ್ಜ್ ನಿಲ್ಲಿಸಬೇಡಿ. ನೆಟ್‌ಫ್ಲಿಕ್ಸ್‌ನ 149ರ ಪ್ಲಾನ್‌ಗೂ ಇದೇ ಮಾತು.

ಜೀ5 ಮತ್ತು ಸನ್ ನೆಕ್ಸ್ಟ್ ಎರಡನ್ನೂ ತಿಂಗಳಿಗೆ ಬದಲು ವರ್ಷಕ್ಕೆ ಕೊಂಡು, ಒಂದೇ ಭಾಷೆಗೆ ಸಿಗುವ ಕಡಿಮೆ ದರದ ಪ್ಯಾಕ್ ಇದ್ದರೆ ಅದನ್ನೇ ಆರಿಸಿದಾಗ, ಮೂರೂ ಸೇರಿ ತಿಂಗಳಿಗೆ ಸುಮಾರು 250 ರೂಪಾಯಿಗೆ ಬಂದು ನಿಂತಿತು. ಹೊಸದಾಗಿ ಫೈಬರ್ ಹಾಕಿಸಬೇಕಾದ ಮನೆಯಾದರೆ, 30 ಎಂಬಿಪಿಎಸ್‌ನ 399ರ ಪ್ಲಾನ್ ಜಿಎಸ್‌ಟಿ ಸೇರಿ 470.82, ಒಟ್ಟು 720 ಆಯಿತು. ಅಂದರೆ ಡಿಶ್‌ಗೆ ಕೊಡುತ್ತಿದ್ದುದರ ಎರಡು ಪಟ್ಟು. ಫೈಬರ್ ಮೊದಲೇ ಇದ್ದ ಮನೆಗೆ ಮಾತ್ರ ಉಳಿತಾಯ. ಬರೀ ಟಿವಿಗೋಸ್ಕರ ಇಂಟರ್ನೆಟ್ ಹಾಕಿಸಿ ಡಿಶ್ ತೆಗೆಯುವುದು ದುಡ್ಡಿನ ದೃಷ್ಟಿಯಿಂದ ಸರಿಯಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಈ ಮನೆಯಲ್ಲಿ ಮಗ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದುದರಿಂದ ಫೈಬರ್ ಬಂದಾಗಿತ್ತು. ಹಾಗಾಗಿ ಮುಂದುವರಿದೆವು.

ಲೈನಿಗೆ ಎಷ್ಟು ವೇಗ ಬೇಕು? 1080ಪಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆಗೆ 15 ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಉಳಿದವರದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಪರೀಕ್ಷೆ ಮಾಡಬೇಕಾದ್ದು ಬೆಳಿಗ್ಗೆ ಹನ್ನೊಂದಕ್ಕಲ್ಲ. ರಾತ್ರಿ ಎಂಟರಿಂದ ಹತ್ತರ ನಡುವೆ ಊರೆಲ್ಲ ಒಟ್ಟಿಗೆ ನೋಡುತ್ತಿರುವಾಗ, ಟಿವಿ ಇರುವ ಜಾಗದಲ್ಲೇ ನಿಂತು ಸ್ಪೀಡ್ ಟೆಸ್ಟ್ ಮಾಡಿ. ಆಗಲೂ 15 ಬಂದರೆ ಚಿಂತೆಯಿಲ್ಲ. ಡೇಟಾ ಲೆಕ್ಕ: ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ ಹೋಗುತ್ತದೆ. ದಿನಕ್ಕೆ ಐದು ಗಂಟೆ ಟಿವಿ ಅಂದರೆ ತಿಂಗಳಿಗೆ 450 ಜಿಬಿ. ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಇರುವ 3,300 ಜಿಬಿ ಮಿತಿಯಲ್ಲಿ ಅದು ಏನೇನೂ ಅಲ್ಲ. ತಂತಿಯಿಲ್ಲದೆ ಬರುವ, ತಿಂಗಳಿಗೆ 1,000 ಜಿಬಿ ಕೊಡುವ ಏರ್‌ಫೈಬರ್‌ನಲ್ಲಿ ಒಂದು ಟಿವಿಗೆ ಸಾಲುತ್ತದೆ, ಎರಡು ಟಿವಿ ಮತ್ತು ಆಫೀಸ್ ಕೆಲಸ ಸೇರಿದರೆ ತಿಂಗಳ ಕೊನೆಗೆ ನಿಧಾನವಾಗುತ್ತದೆ. ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡರೆ ದಿನದ 2 ಜಿಬಿ ಎರಡು ಧಾರಾವಾಹಿ ಮುಗಿಯುವುದರೊಳಗೆ ಖಾಲಿ.

ಮಲೆನಾಡು, ಕರಾವಳಿಯ ಹಳೆಯ ಮನೆಗಳಲ್ಲಿ ತೊಂದರೆ ಕೊಡುವುದು ಲೈನಲ್ಲ, ಗೋಡೆ. ಜಂಬಿಟ್ಟಿಗೆಯ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸತ್ತೇ ಹೋಗುತ್ತದೆ. 2.4 ಗಿಗಾಹರ್ಟ್ಸ್ ತಲುಪುತ್ತದೆ, ಆದರೆ ವೇಗ ಕುಸಿಯುತ್ತದೆ. ಇಲ್ಲಿ ಫೈಬರ್‌ನವರು ಓಎನ್‌ಟಿ ಪೆಟ್ಟಿಗೆಯನ್ನು (ಫೈಬರ್ ತಂತಿ ಬಂದು ಸೇರುವ, ವೈಫೈ ಕೊಡುವ ಡಬ್ಬ) ಚಾವಡಿಯಲ್ಲಿ ಕೂರಿಸಿ ಹೋಗಿದ್ದರು, ಟಿವಿ ಇದ್ದದ್ದು ನಡುಮನೆಯಲ್ಲಿ. ರಿಪೀಟರ್ ಕೊಳ್ಳುವ ಬದಲು 20 ಮೀಟರ್ ಕ್ಯಾಟ್ 6 ಕೇಬಲ್ ಅಟ್ಟದ ಮೂಲಕ ಎಳೆದು ಟಿವಿಯ ಲ್ಯಾನ್ ಪೋರ್ಟ್‌ಗೇ ಹಾಕಿದೆವು. ಟಿವಿಗಳ ಲ್ಯಾನ್ ಪೋರ್ಟ್ ಬಹುತೇಕ 100 ಎಂಬಿಪಿಎಸ್‌ನದೇ, ಈ ಕೆಲಸಕ್ಕೆ ಅದು ಧಾರಾಳ. ಡಿಶ್‌ನಿಂದ ಬಂದ ಹಳೆಯ ಕಪ್ಪು ಕೇಬಲ್ಲನ್ನು ಇಂಟರ್ನೆಟ್‌ಗೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಅದು ಆರ್‌ಜಿ-6 ಕೋಆಕ್ಸಿಯಲ್, ನೇರವಾಗಿ ಆಗುವುದಿಲ್ಲ. ಹೊಸ ಕೇಬಲ್ ಎಳೆಯುವಾಗ ಅದೇ ದಾರಿಯ ತೂತುಗಳನ್ನು ಬಳಸಿಕೊಳ್ಳಬಹುದು, ಅಷ್ಟು ಉಪಯೋಗ.

ಟಿವಿ ಸ್ಮಾರ್ಟ್ ಆಗಿದ್ದರೆ ಬೇರೆ ಡಬ್ಬ ಬೇಡ ಎನ್ನುತ್ತಾರೆ. ಐದಾರು ವರ್ಷ ಹಳೆಯ ಟಿವಿಗೆ ಈ ಮಾತು ನಿಲ್ಲುವುದಿಲ್ಲ. 1 ಜಿಬಿ ರ‍್ಯಾಮ್ ಇರುವ ಟಿವಿಯಲ್ಲಿ ಆ್ಯಪ್ ತೆರೆಯುವುದೇ ನಿಧಾನ, ಮೇಲಾಗಿ ಹಳೆಯ ಸಾಫ್ಟ್‌ವೇರ್‌ಗೆ ಆ್ಯಪ್ ಕಂಪನಿಗಳು ಅಪ್‌ಡೇಟ್ ಕೊಡುವುದನ್ನು ನಿಲ್ಲಿಸುತ್ತವೆ. ಆಗ ಫೈರ್ ಟಿವಿ ಸ್ಟಿಕ್ ಅಥವಾ ಗೂಗಲ್ ಟಿವಿ ಇರುವ ಸ್ಟಿಕ್ ಚುಚ್ಚುವುದು ಲೇಸು. ಹೆಸರಿಲ್ಲದ ಅಗ್ಗದ ಆ್ಯಂಡ್ರಾಯ್ಡ್ ಬಾಕ್ಸ್ ಕಡೆ ಹೋಗಬೇಡಿ. ಅವುಗಳಲ್ಲಿ ವೈಡ್‌ವೈನ್ ಎಲ್1 ಪ್ರಮಾಣಪತ್ರ (ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆಯ ಮೇಲಿನ ದರ್ಜೆ) ಇರುವುದಿಲ್ಲ; ಎಲ್3 ಮಾತ್ರ ಇದ್ದರೆ ನೆಟ್‌ಫ್ಲಿಕ್ಸ್, ಪ್ರೈಮ್‌ನಂಥ ಆ್ಯಪ್‌ಗಳು ಎಚ್‌ಡಿ ಕೊಡುವುದೇ ಇಲ್ಲ, 480ಪಿಗೆ ನಿಲ್ಲುತ್ತವೆ. 43 ಇಂಚಿನ ಪರದೆಯಲ್ಲಿ ಮುಖಗಳೆಲ್ಲ ಮಂಜುಮಂಜು.

ಸ್ಟಿಕ್ ಹಾಕಿದ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡ ತೊಂದರೆ ಒಂದಿದೆ: ಮೆನು ಚೆನ್ನಾಗಿ ತೆರೆದುಕೊಳ್ಳುತ್ತದೆ, ವಿಡಿಯೊ ಶುರುವಾದ ಒಂದೆರಡು ನಿಮಿಷಕ್ಕೆ ಪರದೆ ಕಪ್ಪಾಗಿ ಸ್ಟಿಕ್ ಮೊದಲಿನಿಂದ ಶುರುವಾಗುತ್ತದೆ. ಇಂಟರ್ನೆಟ್ ಸರಿಯಿಲ್ಲ ಎಂದು ಬೈಯುತ್ತಾರೆ. ಕಾರಣ ಬೇರೆ. ಪ್ಲಗ್ ಪಾಯಿಂಟ್ ಉಳಿಸಲು ಸ್ಟಿಕ್‌ನ ವಿದ್ಯುತ್ ತಂತಿಯನ್ನು ಟಿವಿಯ ಯುಎಸ್‌ಬಿಗೆ ಚುಚ್ಚಿರುತ್ತಾರೆ. ಆ ಪೋರ್ಟ್ ಸಾಮಾನ್ಯವಾಗಿ ಕೊಡುವುದು 5 ವೋಲ್ಟ್‌ನಲ್ಲಿ ಅರ್ಧ ಆ್ಯಂಪಿಯರ್, ವಿಡಿಯೊ ಬಿಡಿಸುವಾಗ ಸ್ಟಿಕ್‌ಗೆ ಬೇಕಾದ್ದು ಒಂದು ಆ್ಯಂಪಿಯರ್‌ನಷ್ಟು. ಡಬ್ಬದಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ, ಸಮಸ್ಯೆ ಅಲ್ಲಿಗೇ ಮುಗಿಯಿತು. ಇನ್ನೊಂದು, ಚಿತ್ರ ಬರುತ್ತದೆ, ಕೆಲವು ಸಿನಿಮಾಗೆ ಮಾತ್ರ ಧ್ವನಿ ಇಲ್ಲ. ಅದು ಡಾಲ್ಬಿ ಧ್ವನಿಯನ್ನು ಹಳೆಯ ಟಿವಿ ಬಿಡಿಸಲಾರದೆ ಇರುವುದು. ಸ್ಟಿಕ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಸರೌಂಡ್ ತೆಗೆದು ಪಿಸಿಎಂ ಅಥವಾ ಸ್ಟೀರಿಯೊ ಮಾಡಿದರೆ ಸರಿ ಹೋಗುತ್ತದೆ.

ಹಿರಿಯರು ಇರುವ ಮನೆಯಲ್ಲಿ ಬದಲಾವಣೆ ಗೆಲ್ಲುವುದೂ ಸೋಲುವುದೂ ರಿಮೋಟಿನಲ್ಲಿ. ಮೂರಂಕಿಯ ಚಾನೆಲ್ ನಂಬರ್ ಬಾಯಿಪಾಠ ಇರುವವರಿಗೆ ನಂಬರೇ ಇಲ್ಲದ ಪರದೆ ಕೊಟ್ಟರೆ ಮೊದಲ ಸಂಜೆಯೇ ‘ಹಳೇದೇ ಹಾಕಿಕೊಡಿ ಮಾರಾಯ್ರೇ’ ಎನ್ನುತ್ತಾರೆ. ಅದು ಮೊಂಡುತನವಲ್ಲ. ಅವರ ಕೈಗೆ ಸರಿಹೊಂದಿದ್ದನ್ನು ನಾವು ಕಿತ್ತುಕೊಂಡಿರುತ್ತೇವೆ. ಆದ್ದರಿಂದ ಎಚ್‌ಡಿಎಂಐ ಸಿಇಸಿ ಚಾಲು ಮಾಡುವುದು ಮೊದಲ ಕೆಲಸ. ಇದನ್ನು ಸ್ಯಾಮ್ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಎನ್ನುತ್ತಾರೆ. ಇದು ಚಾಲು ಇದ್ದರೆ ಸ್ಟಿಕ್‌ನ ರಿಮೋಟ್ ಒತ್ತಿದರೆ ಟಿವಿಯೂ ಎದ್ದು, ತಾನಾಗಿ ಸರಿಯಾದ ಇನ್‌ಪುಟ್‌ಗೆ ಹೋಗುತ್ತದೆ. ಎರಡು ರಿಮೋಟ್ ಹುಡುಕುವ ಕಷ್ಟ ತಪ್ಪುತ್ತದೆ. ಆಮೇಲೆ ಮುಖಪುಟದ ಮೊದಲ ಸಾಲಿನಲ್ಲಿ ನಾಲ್ಕೇ ಆ್ಯಪ್ ಇಡಿ, ಉಳಿದವನ್ನು ತೆಗೆಯಿರಿ. ಪ್ರತಿ ಆ್ಯಪ್‌ನಲ್ಲಿ ಭಾಷೆ ಕನ್ನಡ ಆಯ್ದು, ನೋಡುವ ಧಾರಾವಾಹಿಗಳನ್ನು ವಾಚ್‌ಲಿಸ್ಟ್‌ಗೆ ಸೇರಿಸಿ. ಯೂಟ್ಯೂಬ್‌ನಲ್ಲಿ ಸುದ್ದಿವಾಹಿನಿಗಳನ್ನು ಸಬ್‌ಸ್ಕ್ರೈಬ್ ಮಾಡಿಟ್ಟರೆ ಹುಡುಕುವ ಕೆಲಸ ಇರುವುದಿಲ್ಲ. ರಿಮೋಟಿನಿಂದ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡುವುದನ್ನು ಅವರ ಪಾಲಿಗೆ ಬಿಡಲೇಬೇಡಿ; ಲಾಗಿನ್ ಎಲ್ಲ ಫೋನಿನ ಕ್ಯೂಆರ್ ಕೋಡ್‌ನಿಂದ ನೀವೇ ಮುಗಿಸಿ. ಒಟಿಪಿ ಯಾರ ಫೋನಿಗೆ ಬರುತ್ತದೆ ಎಂಬುದೂ ಮುಖ್ಯ. ಮಗ ಬೆಂಗಳೂರಿನಲ್ಲಿರುವ ಮನೆಯಲ್ಲಿ ಅವನ ನಂಬರ್ ಕೊಟ್ಟಿದ್ದರೆ, ಆ್ಯಪ್ ತಾನಾಗಿ ಲಾಗೌಟ್ ಆದ ದಿನ ಅವನು ಮೀಟಿಂಗ್‌ನಲ್ಲಿರುತ್ತಾನೆ. ಊರಿನಲ್ಲಿರುವವರ ನಂಬರನ್ನೇ ಕೊಡಿ.

ಧಾರಾವಾಹಿ ನೋಡುವವರಿಗೆ ಒಂದು ಲಾಭ ಬೇಗ ಹಿಡಿಸುತ್ತದೆ. ಎಂಟು ಗಂಟೆಗೆ ಕೂರಲೇಬೇಕೆಂದಿಲ್ಲ, ಕೊಟ್ಟಿಗೆ ಕೆಲಸ ಮುಗಿಸಿ ಒಂಬತ್ತಕ್ಕೆ ಕೂತರೂ ಮೊದಲಿನಿಂದ ಸಿಗುತ್ತದೆ. ಚಂದಾದಾರರಿಗೆ ಕೆಲವು ಸಂಚಿಕೆಗಳನ್ನು ಟಿವಿಗಿಂತ ಮೊದಲೇ ಕೊಡುವ ಪದ್ಧತಿಯೂ ಇದೆ.

ಕ್ರಿಕೆಟ್‌ನಲ್ಲಿ ಮಾತ್ರ ಡಿಶ್ ಈಗಲೂ ಮುಂದು. ಸ್ಟ್ರೀಮಿಂಗ್‌ನಲ್ಲಿ ವಿಡಿಯೊವನ್ನು ಕೆಲವು ಸೆಕೆಂಡ್‌ಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ, ಆ್ಯಪ್ ಮೂರ್ನಾಲ್ಕು ತುಂಡು ಕೂಡಿಹಾಕಿಕೊಂಡ ಮೇಲೆ ತೋರಿಸುತ್ತದೆ. ಹಾಗಾಗಿ ಡಿಶ್‌ಗಿಂತ ಅರ್ಧ ನಿಮಿಷದವರೆಗೆ ಹಿಂದೆ ಬೀಳುವುದು ಸಾಮಾನ್ಯ. ಪಕ್ಕದ ಮನೆಯವರು ಕೂಗಿದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಲು ಶುರು ಮಾಡುತ್ತಾನೆ. ಇದಕ್ಕೆ ಮದ್ದಿಲ್ಲ. ಚೆಂಡು ಎಳೆದೆಳೆದು ಹೋದಂತೆ ಕಂಡರೆ ಅದಕ್ಕೆ ಮದ್ದಿದೆ: ನಮ್ಮಲ್ಲಿ ಪ್ರಸಾರ ಸೆಕೆಂಡಿಗೆ 50 ಫ್ರೇಮಿನ ಲೆಕ್ಕದಲ್ಲಿ, ಸ್ಟಿಕ್ ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲಿ ಬರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 1080ಪಿ 50 ಹರ್ಟ್ಸ್ ಆರಿಸಿದರೆ ಚಲನೆ ನುಣುಪಾಗುತ್ತದೆ. ಕನ್ನಡ ಕಾಮೆಂಟರಿಗೆ ಪ್ಲೇಯರ್‌ನ ಭಾಷೆ ಆಯ್ಕೆಯಲ್ಲಿ ಕನ್ನಡ ಒತ್ತಬೇಕು.

ಮಳೆಗಾಲದ ವಿಷಯ ಮಲೆನಾಡಿನವರು ಕೇಳಿಯೇ ಕೇಳುತ್ತಾರೆ. ಡಿಟಿಎಚ್ ಸಿಗ್ನಲ್ ಮಳೆಗೆ ಬೇಗ ಸೊರಗುವ ಕೆಯು ಬ್ಯಾಂಡ್‌ನಲ್ಲಿ ಬರುವುದರಿಂದ ಜೋರು ಮಳೆಯ ಹನಿಗಳು ಸಿಗ್ನಲ್ ಹೀರಿಕೊಳ್ಳುತ್ತವೆ. ಆದರೆ ಮಳೆ ಸಣ್ಣದಾದ ಕೂಡಲೇ ಚಿತ್ರ ಮರಳುತ್ತದೆ. ಫೈಬರ್‌ಗೆ ಮಳೆಯ ಲೆಕ್ಕವಿಲ್ಲ, ಗಾಳಿಯ ಲೆಕ್ಕವಿದೆ. ಕಂಬದಿಂದ ಕಂಬಕ್ಕೆ ಎಳೆದ ತಂತಿ ಮೇಲೆ ಮರದ ಕೊಂಬೆ ಬಿದ್ದರೆ ಓಎನ್‌ಟಿಯಲ್ಲಿ ಎಲ್‌ಓಎಸ್ ದೀಪ (ಸಿಗ್ನಲ್ ಇಲ್ಲ ಎನ್ನುವ ಸೂಚನೆ) ಕೆಂಪಾಗುತ್ತದೆ. ಆಮೇಲೆ ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಹೊತ್ತು ಲೈನ್‌ಮನ್ ಬರುವತನಕ ಕಾಯಬೇಕು, ಆಷಾಢದಲ್ಲಿ ಅದು ನಾಳೆಯೂ ಆಗಬಹುದು, ನಾಡಿದ್ದೂ ಆಗಬಹುದು. ಕರೆಂಟ್ ಹೋದಾಗ ಇನ್ವರ್ಟರ್ ಇರುವ ಮನೆಯಲ್ಲಿ ಟಿವಿ ಜತೆ ಓಎನ್‌ಟಿಯನ್ನೂ ಅದೇ ಲೈನಿಗೆ ಸೇರಿಸಿ. ಇಲ್ಲದಿದ್ದರೆ 12 ವೋಲ್ಟ್‌ನ ಪುಟ್ಟ ರೂಟರ್ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮೊದಲು ಓಎನ್‌ಟಿ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆ್ಯಂಪಿಯರ್ ನೋಡಿಕೊಳ್ಳಿ.

ಈ ಕಾರಣಕ್ಕೇ ಡಿಶ್ ರೀಚಾರ್ಜನ್ನು ಒಂದೇ ಏಟಿಗೆ ನಿಲ್ಲಿಸಬಾರದು. ಒಂದು ತಿಂಗಳು ಎರಡೂ ಇರಲಿ, ಸಾಧ್ಯವಾದರೆ ಜುಲೈನಲ್ಲಿ. ಮಳೆ ದಾಟಿದ ಲೈನ್ ವರ್ಷವೆಲ್ಲ ದಾಟುತ್ತದೆ. ತಿಂಗಳ ಕೊನೆಗೆ ಡಿಶ್ ರೀಚಾರ್ಜ್ ಬಿಟ್ಟುಬಿಟ್ಟರೆ ಸಂಪರ್ಕ ತಾನಾಗಿ ನಿಲ್ಲುತ್ತದೆ, ಆದರೆ ಆಟೊಪೇ ಕೊಟ್ಟಿದ್ದರೆ ಅದನ್ನು ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ಒಟಿಟಿಗೂ ಹೀಗೆಯೇ. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹಣ ಕಡಿತವಾಗುವ 24 ಗಂಟೆ ಮೊದಲು ಸಂದೇಶ ಬರಬೇಕು, ಆ ಸಂದೇಶ ಬಂದಾಗ ಓದಿ. ಐಪಿಎಲ್ ಮುಗಿದ ಮೇಲೆ, ಬಿಗ್ ಬಾಸ್ ಮುಗಿದ ಮೇಲೆ ಬೇಡವಾದ ಚಂದಾ ಹೀಗೆ ಮುಂದುವರಿದರೆ ಉಳಿತಾಯವೆಲ್ಲ ಅಲ್ಲೇ ಸೋರಿಹೋಗುತ್ತದೆ.

ಇಳಿಸಿದ ಡಿಶ್ಶನ್ನು ಗುಜರಿಗೆ ಹಾಕಬೇಡಿ. ದೂರದರ್ಶನದ ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಒಂದು ಸಲ ಬಾಕ್ಸ್ ಕೊಂಡರೆ ಮುಗಿಯಿತು. ಕನ್ನಡದಲ್ಲಿ ಚಂದನ ಸಿಗುತ್ತದೆ. ಅದಕ್ಕಿಂತ ದೊಡ್ಡ ಲಾಭ, 2007ರ ಕ್ರೀಡಾ ಪ್ರಸಾರ ಸಂಕೇತ ಕಾಯ್ದೆಯ ಪ್ರಕಾರ ಭಾರತದ ಪುರುಷರ ತಂಡ ಆಡುವ ಏಕದಿನ, ಟಿ20 ಪಂದ್ಯಗಳ ಪ್ರಸಾರವನ್ನು ದೂರದರ್ಶನದ ಜತೆ ಹಂಚಿಕೊಳ್ಳಲೇಬೇಕು. ಆ ಪ್ರಸಾರ ಖಾಸಗಿ ಕೇಬಲ್, ಡಿಟಿಎಚ್‌ಗೆ ಹೋಗುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಅದು ಬರುವುದು ದೂರದರ್ಶನದ ನೆಲದ ಪ್ರಸಾರ (ಟವರ್‌ನಿಂದ ಆಂಟೆನಾಗೆ ಬರುವುದು) ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ. ಐಪಿಎಲ್ ಇದರಲ್ಲಿ ಇಲ್ಲ. ಅಂದರೆ ಭಾರತದ ಮ್ಯಾಚ್ ಅರ್ಧ ನಿಮಿಷ ತಡವಾಗದೆ, ದುಡ್ಡಿಲ್ಲದೆ ಮನೆಯಲ್ಲೇ ಇದೆ.

ಫ್ರೀ ಡಿಶ್ ಇರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಲ್ಲಿ. ಸನ್ ಡೈರೆಕ್ಟ್‌ನ ಡಿಶ್ ಅದೇ ಸ್ಥಾನಕ್ಕೆ ನೋಡುತ್ತಿದ್ದರೆ ತಿರುಗಿಸಬೇಕಾಗಿಲ್ಲ, ಬಾಕ್ಸ್ ಬದಲಿಸಿದರೆ ಸಾಕು. ಟಾಟಾ ಪ್ಲೇ ಡಿಶ್ 83 ಡಿಗ್ರಿಗೆ ನೋಡುತ್ತಿರುತ್ತದೆ. ಬೆಂಗಳೂರಿನಲ್ಲಾದರೆ ಅದನ್ನು ದಕ್ಷಿಣದಿಂದ ಪೂರ್ವಕ್ಕೆ 23 ಡಿಗ್ರಿ ಇದ್ದದ್ದನ್ನು 52ಕ್ಕೆ, ಅಂದರೆ ಹೆಚ್ಚುಕಡಿಮೆ ಆಗ್ನೇಯಕ್ಕೆ ತಿರುಗಿಸಿ, ಎತ್ತರವನ್ನು 73ರಿಂದ 66 ಡಿಗ್ರಿಗೆ ಇಳಿಸಬೇಕು. ಸಾಗರದಲ್ಲಿ ಎತ್ತರ 63 ಡಿಗ್ರಿ. ಇಷ್ಟು ಮೇಲಕ್ಕೆ ನೋಡುವುದರಿಂದ ಅಂಗಳದ ಆಚೆಯ ಅಡಿಕೆ ಮರ ಅಡ್ಡ ಬರುವುದಿಲ್ಲ, ಪಕ್ಕದಲ್ಲೇ ಇರುವ ತೆಂಗು ಬರುತ್ತದೆ. ಬಾಕ್ಸ್‌ನಲ್ಲಿ ಎಲ್‌ಎನ್‌ಬಿ (ಡಿಶ್‌ನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಭಾಗ) ಯುನಿವರ್ಸಲ್, 9750/10600 ಎಂದು ಕೊಟ್ಟು, 11090 ಮೆಗಾಹರ್ಟ್ಸ್, ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ ಸಿಗ್ನಲ್ ಪರದೆ ತೆರೆದಿಡಿ. ಒಬ್ಬರು ಟಿವಿ ಮುಂದೆ, ಒಬ್ಬರು ಮಾಡಿನ ಮೇಲೆ, ಫೋನ್ ಕಾಲ್ ಚಾಲೂ ಇರಲಿ. ಡಿಶ್ಶನ್ನು ಬೆರಳಿನಷ್ಟು ಸರಿಸಿ, ಎರಡು ಮೂರು ಸೆಕೆಂಡ್ ಕಾಯಿರಿ, ಮತ್ತೆ ಸರಿಸಿ. ಮೀಟರ್ ತಡವಾಗಿ ಏರುತ್ತದೆ, ಗಡಿಬಿಡಿ ಮಾಡಿದರೆ ಸರಿಯಾದ ಜಾಗ ದಾಟಿಹೋಗುತ್ತದೆ. ಸ್ಟ್ರೆಂತ್ ನೋಡಿ ಮೋಸ ಹೋಗಬೇಡಿ, ಅದು ಯಾವ ಉಪಗ್ರಹಕ್ಕೂ ಏರುತ್ತದೆ, ನೋಡಬೇಕಾದ್ದು ಕ್ವಾಲಿಟಿ. ಅದು ಏರಿ ನಿಂತ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಆಚೀಚೆ ತುಸು ತಿರುಗಿಸಿ ಇನ್ನಷ್ಟು ಏರಿಸಿಕೊಳ್ಳಿ. ಬೋಲ್ಟ್‌ಗಳನ್ನು ಒಂದೊಂದನ್ನೇ ಪೂರ್ತಿ ಬಿಗಿಯದೆ ಸ್ವಲ್ಪ ಸ್ವಲ್ಪ ಸರದಿಯಲ್ಲಿ ಬಿಗಿಯಿರಿ, ಏಕೆಂದರೆ ಬಿಗಿಯುವಾಗಲೇ ಡಿಶ್ ಒಂದು ಡಿಗ್ರಿ ಜರುಗುತ್ತದೆ. ಕೊನೆಯ ಬೋಲ್ಟ್ ಆದ ಮೇಲೂ ಒಮ್ಮೆ ಕ್ವಾಲಿಟಿ ಕೇಳಿಕೊಂಡೇ ಕೆಳಗಿಳಿಯಿರಿ.